ಕೃಷ್ಣೆಯ ಉಗಮಕ್ಕೆ ಎರಡು ಗಾಲಿಗಳ ಮೇಲೆ



ಯುಗಾದಿಯ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದೆ. ತಟ್ಟೆಗೆ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ ನಿಮ್ಮಲ್ಲೊಬ್ಬ ಹುಡುಗ ಪಕ್ಕಕ್ಕೆ ಬಂದು, "ಅಂಕಲ್, ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕೂಡಿಡ್ತಾ ಇದ್ದೀನಿ. ಒಂದು ರೋಡ್ ಬೈಕ್ ತಗೋಬೇಕು. ಟೈಟಾನಿಯಂ ಒಳ್ಳೇದಾ, ಸ್ಟೇನ್‌ಲೆಸ್ ಸ್ಟೀಲ್ ಒಳ್ಳೇದಾ?" ಎಂದು ಕೇಳಿದ. ಹಿಂದಿನಿಂದ ಜನ ತಳ್ಳುತ್ತಿದ್ದರು. "ಆಮೇಲೆ ಹೇಳ್ತೀನಪ್ಪಾ" ಎಂದು ತಪ್ಪಿಸಿಕೊಂಡೆ. ಆ "ಆಮೇಲೆ" ಈಗ ಬಂದಿದೆ. ಆದರೆ ಈ ಪ್ರಶ್ನೆಗೆ ಕುಳಿತಲ್ಲಿ ಉತ್ತರ ಹೇಳುವುದು ಕಷ್ಟ. ಪುಣೆಯಿಂದ ಮಹಾಬಳೇಶ್ವರದವರೆಗೆ, ಸುಮಾರು 120 ಕಿ.ಮೀ., ನನ್ನ ಜೊತೆ ಬನ್ನಿ. ದಾರಿಯಲ್ಲಿ ಮಾತಾಡೋಣ.

ನಸುಕಿನ ಐದು ಗಂಟೆಗೆ ಸ್ವಾರಗೇಟಿನಿಂದ ಹೊರಡಬೇಕು. ಒಂದು ಕಾಲದಲ್ಲಿ ಪುಣೆಗೆ ಸೈಕಲ್ಲುಗಳ ಊರೆಂದೇ ಹೆಸರು. ಈಗ ಆ ಹೆಸರು ನೆನಪಾಗುವುದು ಇಂಥ ಹೊತ್ತಿನಲ್ಲಿ ಮಾತ್ರ. ಕಾತ್ರಜದ ಹಳೆಯ ಘಾಟನ್ನೇ ಹಿಡಿಯಿರಿ. ಹೊಸ ಸುರಂಗದ ಲಾರಿಗಳ ಸಹವಾಸ ಬೇಡ. ಹಳೆಯ ಸುರಂಗ ದಾಟಿ ಶಿಂದೇವಾಡಿಗೆ ಇಳಿದರೆ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ಎಡ ಅಂಚು ಬಿಡಬೇಡಿ, ಸರ್ವಿಸ್ ರೋಡ್ ಇದ್ದಲ್ಲಿ ಅದನ್ನೇ ಹಿಡಿಯಿರಿ, ಹಿಂದಿನ ಕೆಂಪು ದೀಪ ಆರಿಸಬೇಡಿ.

ನೀರಾ ನದಿ ದಾಟಿ ಶಿರವಳದಲ್ಲಿ ಚಹಾಕ್ಕೆ ನಿಲ್ಲೋಣ. ಲೋಹದ ಪಾಠಕ್ಕೆ ಇದು ಸರಿಯಾದ ಜಾಗ.

ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ. ಅಷ್ಟೇ ಟೈಟಾನಿಯಂ 4.5 ಗ್ರಾಂ. ಹಾಗಾದರೆ ಟೈಟಾನಿಯಂ ಸೈಕಲ್ ಅರ್ಧ ತೂಕದ್ದೇ? ಅಲ್ಲ. ಬಾಗದೆ ನಿಲ್ಲುವ ಬಿಗುವಿನಲ್ಲಿ ಟೈಟಾನಿಯಂ ಉಕ್ಕಿನ ಅರ್ಧದಷ್ಟೇ. ಆ ಕೊರತೆ ತುಂಬಲು ಕೊಳವೆಗಳನ್ನು ದಪ್ಪ ಮಾಡುತ್ತಾರೆ. ಸೈಕಲ್ಲಿಗೆ ಹೆಚ್ಚಾಗಿ ಬಳಸುವುದು ಶೇಕಡಾ 3 ಅಲ್ಯುಮಿನಿಯಂ ಮತ್ತು 2.5 ವೆನೇಡಿಯಂ ಬೆರೆಸಿದ ಟೈಟಾನಿಯಂ. ವಿಮಾನಗಳ ಹೈಡ್ರಾಲಿಕ್ ಕೊಳವೆಗಳಿಗೆ ಒದಗಿದ ಮಿಶ್ರಲೋಹ ಅದು. ಸೈಕಲ್ಲಿಗೆ ಆಮೇಲೆ ಬಂತು.

ಇನ್ನು ಸ್ಟೇನ್‌ಲೆಸ್ ಸ್ಟೀಲ್. ನಿಮ್ಮ ಅಮ್ಮನ ಅಡಿಗೆಮನೆಯ ಲೋಟಕ್ಕೂ ಇದಕ್ಕೂ ಕುಲ ಒಂದೇ, ಮನೆತನ ಬೇರೆ. ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 10.5ಕ್ಕಿಂತ ಹೆಚ್ಚಿದ್ದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಆದರೆ ಲೋಟದ ಉಕ್ಕಿನಿಂದ ಹಗುರವಾದ ಫ್ರೇಮು ಮಾಡಲಾಗದು. ಅದಕ್ಕೆಂದೇ ತುಂಬ ಗಟ್ಟಿಯಾದ ಜಾತಿಗಳಿವೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ 531 ಎಂಬ ಕೊಳವೆಗಳಿಂದ ಹೆಸರು ಮಾಡಿತು. ಅದೇ ಕಂಪನಿಯ 953, ಇಟಲಿಯ ಕೊಲಂಬಸ್ಸಿನ ಎಕ್ಸ್‌ಸಿಆರ್, ಇವು ಸ್ಟೇನ್‌ಲೆಸ್ ಕೊಳವೆಗಳು. ಗಟ್ಟಿ ಹೆಚ್ಚಾದ್ದರಿಂದ ಗೋಡೆ ತೆಳುವಾಗಿಸಬಹುದು, ತೂಕ ಇಳಿಸಬಹುದು. ಒಳ್ಳೆಯ ಟೈಟಾನಿಯಂ ಫ್ರೇಮಿಗೂ ಒಳ್ಳೆಯ ಸ್ಟೇನ್‌ಲೆಸ್ ಫ್ರೇಮಿಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ನೀರು ತುಂಬಿದ ಒಂದು ಬಾಟಲಿಯಷ್ಟೂ ಇರುವುದಿಲ್ಲ.

ನನ್ನ ಜೊತೆ ಬರುವ ಜಮಖಂಡಿಯ ಗೆಳೆಯನದು ಸ್ಟೇನ್‌ಲೆಸ್, ನನ್ನದು ಟೈಟಾನಿಯಂ. ಒಮ್ಮೆ ಇದೇ ಶಿರವಳದಲ್ಲಿ ಸೈಕಲ್ ಬದಲಾಯಿಸಿಕೊಂಡೆವು. ಟೈಟಾನಿಯಂ ಹಾಸಿಗೆಯ ಹಾಗೆ ಮೆತ್ತಗಿರುತ್ತದೆ ಎಂದು ನಾನು ಹತ್ತು ಜನರ ಮುಂದೆ ಹೇಳಿಕೊಂಡು ಬಂದವನು. ಅವನು ಐದು ಕಿ.ಮೀ. ಓಡಿಸಿ ನಿಲ್ಲಿಸಿದ. ಟೈರನ್ನು ಹೆಬ್ಬೆರಳಿನಿಂದ ಒತ್ತಿದ. "ಫರಕ್ ಏನೂ ಗೊತ್ತಾಗವಲ್ದು ನೋಡಪಾ. ನಿನ್ನ ಟೈರಿನ್ಯಾಗ ಗಾಳಿ ಕಮ್ಮಿ ಐತಿ, ಅದಕ್ಕ ಮೆತ್ತಗ ಅನಸ್ತೈತಿ" ಎಂದ. ನನ್ನ ಅಷ್ಟು ದಿನದ ಪಾಂಡಿತ್ಯ ಅಲ್ಲೇ ಇಳಿಯಿತು. ಅವನ ಮಾತಿನಲ್ಲಿ ನಿಜವಿದೆ. ಮೈಕೈ ನೋವಾಗದಿರುವುದಕ್ಕೆ ಲೋಹಕ್ಕಿಂತ ಟೈರಿನ ಅಗಲ, ಗಾಳಿಯ ಒತ್ತಡ, ಸೀಟಿನ ಎತ್ತರ, ಹ್ಯಾಂಡಲಿನ ದೂರ ಹೆಚ್ಚು ಮುಖ್ಯ. ನಮ್ಮ ರಸ್ತೆಗಳಿಗೆ 28ರಿಂದ 32 ಮಿ.ಮೀ. ಅಗಲದ ಟೈರು ಹಿಡಿಸುವ ಫ್ರೇಮನ್ನೇ ಕೇಳಿ. ನಿಮ್ಮ ಅಳತೆಗೆ ಹೊಂದದ ಟೈಟಾನಿಯಂ, ಕಾಲಿಗೆ ಹಿಡಿಸದ ರೇಷ್ಮೆ ಜೋಡಿನ ಹಾಗೆ.

ಶಿರವಳ ಬಿಟ್ಟ ಮೇಲೆ ಖಂಬಾಟಕಿ ಘಾಟು. ಬೆವರು ಇಳಿಸಿ, ಮೇಲೆ ಹತ್ತಿ, ಆಚೆ ಇಳಿದು, ಸುರೂರಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಕಬ್ಬಿನ ಗದ್ದೆಗಳ ನಡುವೆ ವಾಯಿ ಊರಿನ ದಾರಿ. ಕೃಷ್ಣೆಯ ದಂಡೆಯಲ್ಲಿ ಕಲ್ಲಿನ ಸೋಪಾನಗಳು, ದೊಡ್ಡ ಹೊಟ್ಟೆಯ ಢೋಲ್ಯಾ ಗಣಪತಿ. ಇಲ್ಲಿ ನಾನು ಪ್ರತಿ ಸಲವೂ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಕಾರಣ ಹೇಳುತ್ತೇನೆ.

ನನ್ನ ಮೊದಲ ರೋಡ್ ಬೈಕು ಮುಂಬಯಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಸೈಕಲ್. ತೆಳು ಕೊಳವೆಯ ಸಾಧಾರಣ ಉಕ್ಕು, ಕೆಂಪು ಬಣ್ಣ. ಸಮುದ್ರದ ಗಾಳಿ ಬೀಸುವ ಬಾಲ್ಕನಿಯಲ್ಲಿ ನಾಲ್ಕು ಮಳೆಗಾಲ ಕಳೆಯಿತು. ಹೊರಗೆ ಬಟ್ಟೆಯಿಂದ ಒರೆಸಿ ಫಳಫಳ ಇಟ್ಟಿದ್ದೆ. ಸೀಟಿನ ಕೊಳವೆಯಿಂದ ಒಳಗಿಳಿದ ನೀರು ಪೆಡಲಿನ ಅಚ್ಚು ಕೂರುವ ಜಾಗದಲ್ಲಿ ನಿಂತು ಒಳಗಿನಿಂದ ತಿನ್ನುತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ. 2009ರ ಡಿಸೆಂಬರಿನಲ್ಲಿ ಪಸರಣಿ ಘಾಟು ಹತ್ತುವಾಗ ಪೆಡಲ್ ತುಳಿದಾಗಲೆಲ್ಲ ಕಿರ್ ಎಂದು ಸದ್ದು. ಸೀಟಿನದಿರಬೇಕು ಎಂದುಕೊಂಡೆ. ಪಂಚಗಣಿಯಲ್ಲಿ ಬಟಾಟೆ ವಡಾ ತಿಂದು, ಅದೇ ಸೈಕಲ್ಲಿನಲ್ಲಿ ಗಾಳಿ ಸೀಳಿಕೊಂಡು ಕೆಳಗಿಳಿದೆ.

ವಾಯಿಯಲ್ಲಿ ಹಿಂದಿನ ಗಾಲಿ ಬ್ರೇಕಿಗೆ ಉಜ್ಜತೊಡಗಿತ್ತು. ದಂಡೆಯ ಹತ್ತಿರದ ಸೈಕಲ್ ಅಂಗಡಿಯ ಮುದುಕ ಸೀಮೆಎಣ್ಣೆ ಬಟ್ಟೆಯಿಂದ ಕೆಳಗಿನ ಕೊಳವೆ ಒರೆಸಿ, ಪೆಡಲಿನ ಮೇಲೆ ಅಂಗೈ ಇಟ್ಟು ಒತ್ತಿದ. ಕೂದಲೆಳೆಯಂಥ ಗೆರೆಯೊಂದು ಬಾಯಿ ಬಿಟ್ಟಿತು. ಕೈ ತೆಗೆದರೆ ಮುಚ್ಚಿಕೊಂಡಿತು. ಹತ್ತು ನಿಮಿಷದ ಹಿಂದೆ ಆ ಗೆರೆಯ ಮೇಲೆ ಕುಳಿತು ನಾನು ತಿರುವುಗಳನ್ನು ಇಳಿದು ಬಂದಿದ್ದೆ. ಮನೆಯಲ್ಲಿ ಮಗಳಿಗೆ ಆಗ ಆರು ವರ್ಷ. ಬೆಸುಗೆ ಹಾಕಿಕೊಡಿ ಎಂದೆ. ಆತ ತಲೆಯಾಡಿಸಿದ. ಕೊಳವೆ ಒಳಗೇ ಹೋಗಿದೆ, ಇಲ್ಲಿ ಹಚ್ಚಿದರೆ ಪಕ್ಕದಲ್ಲಿ ಬಿಡುತ್ತದೆ ಎಂದ. "ಸಾಹೇಬ, ಆತಾ ಎಸ್.ಟಿ.ನಂ ಜಾ" ಎಂದು ಬಸ್ ನಿಲ್ದಾಣದ ದಿಕ್ಕಿಗೆ ಕೈ ತೋರಿಸಿದ. ಹಣ ಮುಟ್ಟಲಿಲ್ಲ. ಒಂದು ಕಪ್ ಚಹಾಕ್ಕೆ ಒಪ್ಪಿದ, ಅಷ್ಟೇ.

ಅವತ್ತಿನಿಂದ ಹಣ ಕೂಡಿಡಲು ಶುರು ಮಾಡಿದೆ. ಟೈಟಾನಿಯಂ ಕೊಂಡದ್ದು ಐದು ವರ್ಷದ ನಂತರ. ವೇಗಕ್ಕಾಗಿ ಕೊಂಡದ್ದಲ್ಲ, ತುಕ್ಕಿನ ಭಯಕ್ಕೆ ಕೊಂಡದ್ದು.

ಆದರೆ ತುಕ್ಕು ಹಿಡಿಯದ್ದಕ್ಕೆ ಸಾವಿಲ್ಲ ಎಂದುಕೊಳ್ಳಬೇಡಿ. ಟೈಟಾನಿಯಂ ಬೆಸೆಯುವಾಗ ಕೊಳವೆಯ ಹೊರಗೂ ಒಳಗೂ ಆರ್ಗಾನ್ ಅನಿಲ ತುಂಬಿರಬೇಕು. ಬಿಸಿ ಲೋಹಕ್ಕೆ ಗಾಳಿ ತಗುಲಿದರೆ ಬೆಸುಗೆ ಪೆಡಸಾಗಿ, ವರ್ಷಗಳ ಮೇಲೆ ಬಿರಿಯಬಹುದು. ಬಣ್ಣ ಹಚ್ಚದ ಫ್ರೇಮಾದರೆ ಬೆಸುಗೆ ನೋಡಿ: ಬೆಳ್ಳಿಯಂತಿದ್ದರೆ ಅಥವಾ ತೆಳು ಹುಲ್ಲಿನ ಬಣ್ಣವಿದ್ದರೆ ಚೆನ್ನ, ಕಡುನೀಲಿ ಅಥವಾ ಬೂದಿಯಂತೆ ಮಂಕಾಗಿದ್ದರೆ ಅನುಮಾನಿಸಿ. ಸ್ಟೇನ್‌ಲೆಸ್ಸಿಗೂ ಉಪ್ಪು ಮತ್ತು ಬೆವರು ಚುಕ್ಕೆ ಹಾಕುತ್ತವೆ. ಸವಾರಿ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿಡಿ. ಎರಡರಲ್ಲೂ ಅಲ್ಯುಮಿನಿಯಂ ಸೀಟ್ ಕಂಬಕ್ಕೆ ಗ್ರೀಸು ಹಚ್ಚದೆ ಬಿಟ್ಟರೆ ಎರಡು ಲೋಹ ಒಂದಕ್ಕೊಂದು ಕಚ್ಚಿಕೊಂಡು ಆಮೇಲೆ ಯಾರಿಂದಲೂ ಬಿಡಿಸಲಾಗುವುದಿಲ್ಲ. ಸರಪಳಿ, ಬೇರಿಂಗು, ಸ್ಕ್ರೂಗಳ ತುಕ್ಕಂತೂ ಯಾವ ಫ್ರೇಮು ಕೊಂಡರೂ ತಪ್ಪಿದ್ದಲ್ಲ.

ಏಳಿ, ಪಸರಣಿ ಘಾಟು ಕಾಯುತ್ತಿದೆ. ವಾಯಿ ಸಮುದ್ರಮಟ್ಟದಿಂದ ಸುಮಾರು 700 ಮೀಟರ್, ಪಂಚಗಣಿ ಸುಮಾರು 1,300. ಈ 600 ಮೀಟರನ್ನು ಹನ್ನೆರಡು ಕಿ.ಮೀ.ಯೊಳಗೆ ಹತ್ತಬೇಕು. ಇಲ್ಲಿ ನಿಮ್ಮನ್ನು ಕಾಯುವುದು ಲೋಹವಲ್ಲ, ಗೇರು. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಹಲ್ಲಿನ ಚಕ್ರ ಇದ್ದರೆ ಉಸಿರು ಕಟ್ಟದೆ ಹತ್ತುತ್ತೀರಿ. ಅರ್ಧ ದಾರಿಯಲ್ಲಿ ತಿರುಗಿ ನೋಡಿ. ಕೆಳಗೆ ಕೃಷ್ಣೆಯ ಕಣಿವೆ, ಧೋಮ್ ಅಣೆಕಟ್ಟಿನ ನೀರು.

ಪಂಚಗಣಿಯಿಂದ ಮುಂದೆ ಸ್ಟ್ರಾಬೆರಿ ತೋಟಗಳು, ಮತ್ತೆ ಹದಿನೆಂಟೋ ಇಪ್ಪತ್ತೋ ಕಿ.ಮೀ. ಊರಿನ ಗದ್ದಲ ಬಿಟ್ಟು ಕ್ಷೇತ್ರ ಮಹಾಬಳೇಶ್ವರಕ್ಕೆ ಹೋಗಿ. ಪಂಚಗಂಗಾ ದೇವಸ್ಥಾನದಲ್ಲಿ ಕೃಷ್ಣಾ, ವೇಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ ಎಂಬ ಐದು ನದಿಗಳ ನೀರು ಕೂಡಿ ಕಲ್ಲಿನ ಗೋಮುಖದಿಂದ ಬೀಳುತ್ತದೆ. ಸಾವಿತ್ರಿ ಪಡುವಣ ಕಡಲಿಗೆ ಇಳಿಯುತ್ತಾಳೆ. ಕೃಷ್ಣೆ ಮೂಡಣ ಕಡಲಿಗೆ ಸುಮಾರು 1,400 ಕಿ.ಮೀ. ನಡೆಯುತ್ತಾಳೆ, ದಾರಿಯಲ್ಲಿ ಆಲಮಟ್ಟಿ, ಮಲಪ್ರಭೆ ಬಂದು ಸೇರುವ ಕೂಡಲಸಂಗಮ, ರಾಯಚೂರಿನ ಸೀಮೆ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಕುಡಿದ ನೀರು ಇದು.

ಗೆಳೆಯ ಬಾಟಲಿಗೆ ನೀರು ಹಿಡಿದ. ಅವನ ತಾಯಿಯ ತವರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. "ಇಲ್ಲೆ ಇಷ್ಟೇ ಇಷ್ಟು ಐತಿ ನೋಡು" ಎಂದ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಈಗ ನಿನ್ನ ಪ್ರಶ್ನೆ, ತಮ್ಮಾ. ಸಮುದ್ರದ ಹತ್ತಿರ ಮನೆ, ಮಳೆಯಲ್ಲೂ ಸವಾರಿ, ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಮನಸ್ಸು, ಕೈಯಲ್ಲಿ ಹಣ, ಇಷ್ಟೂ ಇದ್ದರೆ ಎರಡರಲ್ಲಿ ನಿನ್ನ ಅಳತೆಗೆ ಸರಿಯಾಗಿ ಸಿಗುವುದನ್ನು ತಗೋ. ಸಪೂರ ಕೊಳವೆಯ ಕನ್ನಡಿ ಹೊಳಪು ಇಷ್ಟವಾದರೆ ಸ್ಟೇನ್‌ಲೆಸ್; ಬಣ್ಣದ ಗೊಡವೆಯೇ ಬೇಡವೆನಿಸಿದರೆ ಟೈಟಾನಿಯಂ. ಸಾಲ ಮಾಡಿ ಮಾತ್ರ ಬೇಡ. ಹಾಸಿಗೆ ಇದ್ದಷ್ಟೇ ಕಾಲು ಚಾಚುವುದಾದರೆ ಒಳ್ಳೆಯ ಕ್ರೋಮೋಲಿ ಉಕ್ಕಿನ ಫ್ರೇಮು ಸಾಕು. ಕೊಳವೆಗಳ ಒಳಗೆ ತುಕ್ಕುನಿರೋಧಕ ಎಣ್ಣೆ ಹಾಕಿಸು, ಮಳೆಗಾಲ ಮುಗಿದ ಮೇಲೆ ಸೀಟ್ ಕಂಬ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ಒಣಗಿಸು.

ಯಾವುದೇ ತಗೋ, ಹೊರಡುವ ಮುನ್ನ ಬೆಸುಗೆಗಳ ಮೇಲೊಮ್ಮೆ ಬೆರಳಾಡಿಸು. ಕಿರ್ ಎಂದರೆ ನಿಲ್ಲು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ಘಾಟು ಇಳಿಯಬೇಡ. ವಾಯಿಯಿಂದ ಎಸ್.ಟಿ. ಸಿಗುತ್ತದೆ.