ತಪ್ಪು ಮಗುವಿನದಾ, ಮದ್ದು ಕೊಟ್ಟವರದಾ?

ಉದ್ದೀಪನ ಮದ್ದು ಅಂದ ಕೂಡಲೇ ನಮ್ಮ ವಯಸ್ಸಿನವರಿಗೆಲ್ಲ ನೆನಪಾಗುವುದು ಬೆನ್ ಜಾನ್ಸನ್. 1988ರ ಸೋಲ್ ಒಲಿಂಪಿಕ್ಸ್, ನೂರು ಮೀಟರ್ ಓಟ, ಮೂರೇ ದಿನದಲ್ಲಿ ಕೈತಪ್ಪಿದ ಚಿನ್ನ. ಆತ ಬೆಳೆದು ನಿಂತ ಗಂಡಸು, ಗೊತ್ತಿದ್ದೇ ತೆಗೆದುಕೊಂಡಿದ್ದ, ಮರುವರ್ಷ ವಿಚಾರಣೆಯಲ್ಲಿ ಒಪ್ಪಿಕೊಂಡ ಕೂಡಾ. ಅಂಥ ಕಡೆ ನ್ಯಾಯ ಹೇಳುವುದು ಸುಲಭ. ಆದರೆ ಸಿಕ್ಕಿಬಿದ್ದದ್ದು ಒಂಬತ್ತನೇ ಕ್ಲಾಸಿನ ಹುಡುಗಿ ಆದರೆ? ಅವಳಿಗೂ ಅದೇ ತಕ್ಕಡಿ, ಅದೇ ತೂಕದ ಬಟ್ಟು ಇಡಬೇಕಾ?

ಈ ಪ್ರಶ್ನೆ ನಮ್ಮ ಸ್ಟಾಫ್ ರೂಮಿಗೆ ಬಂದದ್ದು ಪೇಪರಿನಿಂದ ಅಲ್ಲ, ಒಂದು ಪೌಡರ್ ಡಬ್ಬಿಯಿಂದ. ಓಟದಲ್ಲಿ ಚುರುಕಾಗಿರುವ ಹುಡುಗನೊಬ್ಬನ ಅಪ್ಪ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಯಾವುದೋ ಜಿಮ್ಮಿಗೆ ಹೋಗುವ ನೆಂಟರ ಹುಡುಗ ತಂದುಕೊಟ್ಟದ್ದಂತೆ. "ಸಾ, ಇದ ಹಾಲ್ಗೆ ಹಾಕ್ಕೊಟ್ರೆ ತಾಕತ್ತು ಬತ್ತದಂತೆ, ಕೊಡ್ಬೋದಾ?" ಅಂತ ಕೇಳಿದರು. ಡಬ್ಬಿಯ ಮೇಲಿದ್ದದ್ದೆಲ್ಲ ಇಂಗ್ಲಿಷು. ಸಾಸಿವೆ ಕಾಳಿನಷ್ಟು ಅಕ್ಷರ. ಅದರಲ್ಲಿ ಬರೆದದ್ದು ನಿಜವಾ, ಬರೆಯದೆ ಇನ್ನೇನಾದರೂ ಸೇರಿಸಿದ್ದಾರಾ ಅಂತ ನಮ್ಮಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಬೇಡ, ರಾಗಿಮುದ್ದೆ, ಮೊಟ್ಟೆ, ಹುರುಳಿಕಾಳು ಸಾಕು ಅಂತ ಕಳಿಸಿದೆವು. ಅವರು ಕೇಳಿದರು, ನಾವು ಬೇಡ ಅಂದೆವು. ಕೇಳದೇ ಕೊಟ್ಟಿದ್ದರೆ? ಆ ಹುಡುಗ ಅಪ್ಪ ಕೊಟ್ಟ ಹಾಲು ಅಂತ ಕುಡಿಯುತ್ತಿದ್ದ. ಅಷ್ಟೆ.

ನಮ್ಮ ಮಸಿನಗುಡಿ, ಗೂಡಲೂರು ಕಡೆಯ ಮಕ್ಕಳ ಪರಿಸ್ಥಿತಿ ಓದುಗರಿಗೆ ಗೊತ್ತೇ ಇದೆ. ಅಪ್ಪ ಅಮ್ಮ ಟೀ ತೋಟಕ್ಕೋ ಕೂಲಿಗೋ ಹೋಗುವವರು. ಮನೆಯ ಮಾತು ಒಂದು, ಶಾಲೆಯ ಕನ್ನಡ ಒಂದು, ಬಸ್ ಬೋರ್ಡಿನ ತಮಿಳು ಒಂದು. ಇಂಥ ಮಕ್ಕಳಿಗೆ ಆಟೋಟ ಒಂದು ಬಾಗಿಲು. ಜಿಲ್ಲಾ ಮಟ್ಟ ದಾಟಿ ರಾಜ್ಯ ಮಟ್ಟದಲ್ಲಿ ಒಂದು ಪದಕ ಬಂದರೆ ಕ್ರೀಡಾ ಹಾಸ್ಟೆಲ್ಲು, ಮುಂದೆ ಕಾಲೇಜು ಸೀಟು. ತಮಿಳುನಾಡಿನ ಸರ್ಕಾರಿ ಕೆಲಸದಲ್ಲಿ ಕ್ರೀಡಾಪಟುಗಳಿಗೆ ಶೇ. 3 ಮೀಸಲಾತಿ ಇದೆ. ಒಂದು ಸರ್ಟಿಫಿಕೇಟಿಗೆ ಇಷ್ಟು ಬೆಲೆ ಇರುವಾಗ ಅಡ್ಡದಾರಿ ತೋರಿಸುವವರು ಇರುವುದಿಲ್ಲವೇ?

ಇದು ನಮ್ಮ ಬರೀ ಭಯ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದ ಕೊನೆಯ ದಿನ ನಾಡಾ ಅಧಿಕಾರಿಗಳು ಬರುತ್ತಾರೆ ಅಂತ ಸುದ್ದಿ ಹಬ್ಬಿದ್ದೇ ತಡ, ಪುರುಷರ ನೂರು ಮೀಟರ್ ಫೈನಲ್ಲಿಗೆ ಒಬ್ಬನೇ ಒಬ್ಬ ಓಟಗಾರ ಉಳಿದ! ಜೂನಿಯರ್ ಸ್ಟೀಪಲ್‌ಚೇಸ್ ಓಡುತ್ತಿದ್ದ ಹುಡುಗಿಯೊಬ್ಬಳು ಗೆರೆ ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಇದ್ದಳಂತೆ, ಹಿಂದೆ ಅಧಿಕಾರಿ. ಇದನ್ನು ಓದಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಆ ಹುಡುಗಿ ತನ್ನಷ್ಟಕ್ಕೆ ತಾನೇ ಅಂಗಡಿಗೆ ಹೋಗಿ ಏನನ್ನೋ ಕೊಂಡು ತಂದಿರುತ್ತಾಳೆ ಅಂತ ನಿಮಗೆ ಅನ್ನಿಸುತ್ತದಾ? 2024ರ ಜನವರಿಯಲ್ಲಿ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಒಂದು ವರದಿ ಹೊರತಂದಿತು. 2012ರಿಂದೀಚೆಗೆ 1,416 ಅಪ್ರಾಪ್ತ ವಯಸ್ಕರು ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದಾರೆ. ಶಿಕ್ಷೆಯಾದವರಲ್ಲಿ ಅತಿ ಚಿಕ್ಕ ಮಗುವಿಗೆ 12 ವರ್ಷ. ಹೆಚ್ಚು ಪ್ರಕರಣ ಕಂಡ ದೇಶಗಳಲ್ಲಿ ರಷ್ಯಾದ ನಂತರದ ಹೆಸರು ನಮ್ಮ ಭಾರತದ್ದು.

ಈಗ ನಿಯಮದ ಮಾತು. ಇದರ ಬುನಾದಿ ಒಂದೇ ಸಾಲು: ನಿನ್ನ ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ನೀನೇ ಹೊಣೆ. ಕೊಟ್ಟವರು ಯಾರು, ಗೊತ್ತಿತ್ತಾ ಇಲ್ಲವಾ ಎಲ್ಲ ಆಮೇಲೆ. ಕೇಳಲು ಕಠೋರ, ಆದರೆ ಇದಕ್ಕೆ ಕಾರಣ ಇದೆ. "ಗೊತ್ತಿರಲಿಲ್ಲ" ಅನ್ನುವುದೇ ಸಾಕಾದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಮದ್ದಿಲ್ಲದೆ ಓಡಿ ನಾಲ್ಕನೆಯವಳಾದ ಇನ್ನೊಂದು ಮಗುವಿಗೆ ಯಾರು ನ್ಯಾಯ ಕೊಡುತ್ತಾರೆ?

ಹಳೆಯ ಎರಡು ಕಥೆ ನೋಡಿ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಈಜುಗಾರ ರಿಕ್ ಡಿಮಾಂಟ್‌ಗೆ 16 ವರ್ಷ. ಉಬ್ಬಸಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ ಅಂತ ತನ್ನ ಫಾರಂನಲ್ಲಿ ಬರೆದೇ ಕೊಟ್ಟಿದ್ದ. ಅದನ್ನು ಮುಂದಕ್ಕೆ ಮುಟ್ಟಿಸಬೇಕಾದ ದೊಡ್ಡವರು ಮುಟ್ಟಿಸಲಿಲ್ಲ. 400 ಮೀಟರ್ ಫ್ರೀಸ್ಟೈಲ್ ಚಿನ್ನ ಹೋಯಿತು. 2000ದ ಸಿಡ್ನಿಯಲ್ಲಿ ರುಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್, ಅವಳಿಗೂ 16. ನೆಗಡಿಗೆ ಅಂತ ತಂಡದ ಡಾಕ್ಟರೇ ಕೊಟ್ಟ ಮಾತ್ರೆಯಲ್ಲಿ ಸ್ಯೂಡೋಎಫೆಡ್ರಿನ್ ಇತ್ತು. ಆಲ್‌ರೌಂಡ್ ಚಿನ್ನ ಕಿತ್ತುಕೊಂಡರು. ಆದರೆ ಆಟದಿಂದ ನಿಷೇಧಿಸಲಿಲ್ಲ, ಉಳಿದ ಪದಕಗಳನ್ನು ಮುಟ್ಟಲಿಲ್ಲ, ಡಾಕ್ಟರನ್ನು ಮುಂದಿನ ಎರಡು ಒಲಿಂಪಿಕ್ಸಿನಿಂದ ಹೊರಗಿಟ್ಟರು.

ರಾಡುಕಾನ್ ತೀರ್ಪು ನಮಗೆ ಪೂರ್ತಿ ಹಿಡಿಸದಿದ್ದರೂ ಅದರಲ್ಲಿ ಒಂದು ವಿವೇಕ ಕಾಣುತ್ತದೆ. ಅಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದರು. ಆ ದಿನದ ಫಲಿತಾಂಶ ನಿಲ್ಲಬೇಕಾ ಎನ್ನುವುದು ಒಂದು. ಈ ಮಗು ತಪ್ಪಿತಸ್ಥಳಾ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರಿಗೂ ಒಂದೇ ಉತ್ತರ ಇರಲಿ, ಯಾಕೆಂದರೆ ಅದು ಉಳಿದ ಸ್ಪರ್ಧಿಗಳ ಹಕ್ಕು. ಎರಡನೆಯದಕ್ಕೆ ವಯಸ್ಸು ನೋಡಲೇಬೇಕು.

ನಮ್ಮ ಕನ್ನಡದ ಹುಡುಗಿಯ ಕಥೆಗೆ ಬರೋಣ. ಉಡುಪಿ ಜಿಲ್ಲೆ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ರಿಲೇ ಚಿನ್ನ, ಗುವಾಂಗ್‌ಝೌ ಏಷ್ಯಾಡಿನಲ್ಲಿ ಮತ್ತೆ ರಿಲೇ ಚಿನ್ನ, ಜೊತೆಗೆ 400 ಮೀಟರ್ ಹರ್ಡಲ್ಸ್ ಚಿನ್ನ. ಆಗ ನಮ್ಮ ಶಾಲೆಗಳಲ್ಲೆಲ್ಲ ಅವರದೇ ಮಾತು. 2011ರಲ್ಲಿ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು, ಶಿಬಿರದ ಇನ್ನೂ ಹಲವು ಓಟಗಾರ್ತಿಯರೊಡನೆ. ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಬೇರಿನ ಪೂರಕದಲ್ಲಿ ಅದು ಇತ್ತು ಅನ್ನುವುದು ಅವರ ವಾದ. ಕೋಚ್ ಯೂರಿ ಒಗೊರೊದ್ನಿಕ್‌ರನ್ನು ಕೆಲಸದಿಂದ ತೆಗೆದರು. ನಾಡಾದ ಶಿಸ್ತು ಸಮಿತಿ ಓಟಗಾರ್ತಿಯರ ಮಾತಿಗೆ ಬೆಲೆ ಕೊಟ್ಟು ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನ್ಯಾಯಾಲಯದ ಧಾಟಿ ಏನು? ಕೋಚ್ ಕೊಟ್ಟರು ಅಂತ ನುಂಗಿದರೆ ಸಾಲದು, ಕ್ರೀಡಾಪಟು ತಾನೂ ವಿಚಾರಿಸಬೇಕಿತ್ತು.

ಅಶ್ವಿನಿಯವರು ಆಗ ಇಪ್ಪತ್ತು ದಾಟಿದವರು, ದೇಶದ ತಂಡದಲ್ಲಿದ್ದವರು. ಅವರಿಗೆ ಈ ಮಾತು ಅನ್ವಯಿಸುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಕೋಚಿಗೆ ಎದುರು ಮಾತಾಡುವುದು ಅವರಂಥವರಿಗೇ ಕಷ್ಟವಾದರೆ, ಹದಿಮೂರು ವರ್ಷದ ಮಗು "ಸಾರ್, ಇದರಲ್ಲಿ ಏನಿದೆ? ಬಿಲ್ ತೋರಿಸಿ" ಅಂತ ಕೇಳೀತೇ? ದೊಡ್ಡವರು ಹೇಳಿದ್ದನ್ನು ಮರುಮಾತಿಲ್ಲದೆ ಕೇಳಬೇಕು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕಲಿಸುವವರು ನಾವೇ ಅಲ್ಲವೇ?

ನಿಯಮ ಮಾಡುವವರೂ ಇದನ್ನು ಯೋಚಿಸಿಲ್ಲ ಅಂತಲ್ಲ. 2021ರಿಂದ ಜಾರಿಯಲ್ಲಿರುವ ವಾಡಾ ಸಂಹಿತೆಯಲ್ಲಿ "ರಕ್ಷಿತ ವ್ಯಕ್ತಿ" ಅಂತ ಒಂದು ವರ್ಗ ಇದೆ. 16 ತುಂಬದವರೆಲ್ಲ ಅದರಲ್ಲಿ ಬರುತ್ತಾರೆ, 18 ತುಂಬದ, ದೊಡ್ಡವರ ಅಂತರರಾಷ್ಟ್ರೀಯ ಕೂಟಗಳಲ್ಲಿ ಆಡದ ಬಹುತೇಕ ಮಕ್ಕಳೂ ಬರುತ್ತಾರೆ. ಹೆಚ್ಚುಕಡಿಮೆ ನಮ್ಮ ಶಾಲೆಯ ಮಕ್ಕಳೆಲ್ಲ. ತನ್ನ ತಪ್ಪು ದೊಡ್ಡದಲ್ಲ ಅಂತ ಮಗು ತೋರಿಸಿಕೊಟ್ಟರೆ ಶಿಕ್ಷೆ ಬರೀ ಎಚ್ಚರಿಕೆಯಿಂದ ಹಿಡಿದು ಗರಿಷ್ಠ ಎರಡು ವರ್ಷ. ಹೀಗೆ ತೋರಿಸುವಾಗ ಮದ್ದು ಮೈಯೊಳಗೆ ಹೇಗೆ ಬಂತು ಅಂತ ಸಾಬೀತು ಮಾಡಲೇಬೇಕೆಂದಿಲ್ಲ. ಹೆಸರನ್ನು ಲೋಕಕ್ಕೆಲ್ಲ ಸಾರಬೇಕೆಂದೂ ಇಲ್ಲ. ಮಗುವಿನ ಸುತ್ತಲಿನ ಕೋಚ್, ಡಾಕ್ಟರ್ ಮುಂತಾದವರ ಮೇಲೆ ತನಿಖೆ ತಾನಾಗಿಯೇ ಆಗಬೇಕು.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಮಿಲಾ ವಲಿಯೆವಾಗೆ ಏನಾಯಿತು? ರಷ್ಯಾದ ಈ ಸ್ಕೇಟಿಂಗ್ ಹುಡುಗಿಗೆ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ವೇಳೆಗೆ 15 ವರ್ಷ. 2021ರ ಡಿಸೆಂಬರ್ 25ರಂದು ಕೊಟ್ಟ ಮೂತ್ರದ ಮಾದರಿಯ ಫಲಿತಾಂಶ ಬಂದದ್ದು 2022ರ ಫೆಬ್ರುವರಿ 8ಕ್ಕೆ, ತಂಡದ ಸ್ಪರ್ಧೆ ಗೆದ್ದ ಮರುದಿನ! ಸಿಕ್ಕಿದ್ದು ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧಿ. ತಾತನ ಮಾತ್ರೆ ಹೇಗೋ ಬೆರೆತಿದೆ ಅಂದರು. ಗುಟ್ಟಾಗಿರಬೇಕಿದ್ದ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆಡಲು ಬಿಟ್ಟರು, ಆ ಒತ್ತಡದಲ್ಲಿ ಬಿದ್ದು ಬಿದ್ದು ನಾಲ್ಕನೆಯವಳಾದಳು. 2024ರ ಜನವರಿ 29ಕ್ಕೆ ತೀರ್ಪು: ನಾಲ್ಕು ವರ್ಷ ನಿಷೇಧ. ಬೇಕೆಂದು ತೆಗೆದುಕೊಂಡದ್ದಲ್ಲ ಅಂತ ಅವಳು ಸಾಬೀತು ಮಾಡಲಿಲ್ಲ, ಈ ಅಂಶದಲ್ಲಿ ರಕ್ಷಿತ ವ್ಯಕ್ತಿಗೂ ದೊಡ್ಡವರಿಗೂ ನಿಯಮದಲ್ಲಿ ಭೇದ ಇಲ್ಲ ಅಂದರು. ಆ ತೀರ್ಪಿನಲ್ಲಿ ಶಿಕ್ಷೆಯಾದದ್ದು ಅವಳೊಬ್ಬಳಿಗೇ. ಅತ್ತ ಅಮೆರಿಕದ ತಂಡದವರೂ ತಮ್ಮ ಚಿನ್ನಕ್ಕೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಇದರಲ್ಲಿ ಯಾರಿಗೆ ನ್ಯಾಯ ಸಿಕ್ಕಂತಾಯಿತು ಹೇಳಿ?

ಹಾಗಂತ ಮಕ್ಕಳಿಗೆ ಪೂರ್ತಿ ಮಾಫಿ ಅಂತ ನಾವು ಹೇಳುವುದಿಲ್ಲ. ಹಾಗೆ ಮಾಡಿದರೆ ಮದ್ದು ಕೊಡುವವರಿಗೆ ಮಕ್ಕಳೇ ಸಲೀಸು. ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ನಿಂತು ಚಿಕ್ಕ ಚಿಕ್ಕ ಹುಡುಗಿಯರಿಗೆ ವಿಟಮಿನ್ ಅಂತ ನೀಲಿ ಮಾತ್ರೆ ನುಂಗಿಸಿತ್ತು. ಹಲವರು ಜೀವನಪೂರ್ತಿ ಕಾಯಿಲೆ ಅನುಭವಿಸಿದರು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಕಟಕಟೆಗೆ ಕರೆದದ್ದು ಆ ಹುಡುಗಿಯರನ್ನಲ್ಲ, ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ಡಾಕ್ಟರ್ ಮಾನ್‌ಫ್ರೆಡ್ ಹೆಪ್ನರ್ ಅವರನ್ನು. ಶಿಕ್ಷೆ ಅಮಾನತಿನಲ್ಲಿಟ್ಟ ಸಜೆ ಮಾತ್ರ, ಕಡಿಮೆಯೇ ಆಯಿತು. ಆದರೂ ಕೇಳಿದ ಪ್ರಶ್ನೆ ಸರಿ ಇತ್ತು: ಕೊಟ್ಟವರು ಯಾರು? ನಮ್ಮ ಮನಸ್ಸಿಗೆ ಬರುವುದು ಇಷ್ಟು. ಪದಕ ವಾಪಸ್ ಹೋಗಲಿ. ಮಗುವಿನ ತಪ್ಪನ್ನು ಮಗುವಿನ ವಯಸ್ಸಿನಿಂದ ಅಳೆಯಲಿ. ದೊಡ್ಡವರ ವಿಚಾರಣೆ ಮುಗಿಯುವ ಮುಂಚೆ ಮಗುವಿಗೆ ಕೊನೆಯ ತೀರ್ಪು ಬೇಡ. ಶಾಲೆಯ ಬಾಗಿಲಂತೂ ಯಾವ ಕಾರಣಕ್ಕೂ ಮುಚ್ಚಬಾರದು. ಪೇಪರಿನವರು ಹೆಸರು ಹಾಕದಿದ್ದರೂ ಚಿಕ್ಕ ಊರಲ್ಲಿ ಎಲ್ಲರಿಗೂ ಗೊತ್ತಾಗಿಯೇ ಆಗುತ್ತದೆ. ಆಗ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರು ಯಾರು?

ಕಡೆಯದಾಗಿ ಗಡಿಯಾಚೆಯ ಶಾಲೆಗಳ ಒಂದು ವಿಶೇಷ ತೊಂದರೆ. ಪರೀಕ್ಷೆಯ ಫಾರಂ ಇರುವುದು ಇಂಗ್ಲಿಷಿನಲ್ಲಿ. ಕಳೆದ ಏಳು ದಿನ ತೆಗೆದುಕೊಂಡ ಔಷಧಿಗಳನ್ನೆಲ್ಲ ಅದರಲ್ಲಿ ಬರೆದು ಮಗು ಸಹಿ ಹಾಕಬೇಕು. ಸುಮಾರು 2,240 ಮೀಟರ್ ಎತ್ತರದ ಊಟಿಗೆ ಕೂಟಕ್ಕೆ ಹೋದರೆ ನಮ್ಮ ಮಕ್ಕಳಿಗೆ ಮೊದಲು ಹಿಡಿಯುವುದು ನೆಗಡಿ, ಕೆಮ್ಮು. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಾಲಿನ್ ಇರುತ್ತದೆ, ಅದು ನಿಷೇಧಿತ ಪಟ್ಟಿಯಲ್ಲಿದೆ! ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಮಗು ಸಿಕ್ಕಿಬೀಳಬಹುದು.

ಅದಕ್ಕೇ ನಾವು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಆಟದ ಸಾಮಾನಿನ ಕೋಣೆಗೆ ಅಂಟಿಸಿದ್ದೇವೆ. ಕೂಟಕ್ಕೆ ಹೆಸರು ಕೊಟ್ಟ ಮೇಲೆ ಮೇಷ್ಟ್ರಿಗೆ ಹೇಳದೆ ಮಾತ್ರೆ, ಸಿರಪ್, ಪೌಡರ್ ಬೇಡ. ಡಾಕ್ಟರ ಹತ್ತಿರ ಹೋದರೆ ನಾನು ಆಟಗಾರ, ಆಟಗಾರ್ತಿ ಅಂತ ಮೊದಲೇ ಹೇಳಬೇಕು. ಔಷಧಿ ಚೀಟಿ ಎಸೆಯಬಾರದು. ಪರೀಕ್ಷೆಗೆ ಕರೆದರೆ ಓಡಿಹೋಗಬಾರದು. ಜೊತೆಗೆ ದೊಡ್ಡವರೊಬ್ಬರನ್ನು ಕರೆದುಕೊಳ್ಳುವುದು ನಿನ್ನ ಹಕ್ಕು. ಅರ್ಥವಾಗದ್ದಕ್ಕೆ ಸಹಿ ಹಾಕುವ ಮುಂಚೆ ಓದಿ ಹೇಳಿ ಅಂತ ಕೇಳು. ಕೂಟಕ್ಕೆ ಹೋಗುವ ನಮ್ಮಲ್ಲಿ ಒಬ್ಬರು ಆ ಫಾರಂ ಓದಿ ಕನ್ನಡದಲ್ಲಿ ಹೇಳಲು ಬರುವವರೇ ಇರಬೇಕು ಅಂತಲೂ ನಿರ್ಧರಿಸಿದ್ದೇವೆ.

ಕಾಸರಗೋಡು, ತಾಳವಾಡಿ, ಹೊಸೂರು, ಜತ್ತ, ಅಕ್ಕಲಕೋಟೆಯ ಶಿಕ್ಷಕ ಮಿತ್ರರೇ, ನಿಮ್ಮಲ್ಲೂ ಓಡುವ, ಎಸೆಯುವ, ಕಬಡ್ಡಿ ಆಡುವ ಮಕ್ಕಳಿದ್ದಾರೆ. ಈ ಹಾಳೆಯನ್ನು ನಿಮ್ಮ ಕಡೆಯ ಕನ್ನಡಕ್ಕೆ ಹೊಂದಿಸಿ ಬರೆದುಕೊಳ್ಳಿ, ನಾವು ಬಿಟ್ಟದ್ದೇನಾದರೂ ಇದ್ದರೆ ತಿಳಿಸಿ, ಸೇರಿಸುತ್ತೇವೆ. ಮುಂದಿನ ಕೂಟದ ಒಳಗೆ ಆಗಬೇಕು. ಏನಂತೀರಿ?