ಅಜ್ಜನ ಸೈಕಲ್ಲು

ಹಣಕೋಣದ ಮನೆಯೊಂದರ ಕೊಟ್ಟಿಗೆಯಲ್ಲಿ ಹಳೆಯ ಸೈಕಲ್ಲೊಂದಿದ್ದಿತು. ಸಾತೇರಿ ದೇವಿಯ ಜಾತ್ರೆಗೆ ನೆಂಟರಿಷ್ಟರು ನೆರೆದಾಗಲೆಲ್ಲ ಅದರ ಕಥೆಯು ಹೊರಡುತ್ತಿದ್ದಿತು: 1930ರ ಏಪ್ರಿಲಿನಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ ಅಜ್ಜನು ಅದನ್ನೇರಿಯೇ ಹೋದನಂತೆ.

ನಿವೃತ್ತನಾಗಿ ಊರಿಗೆ ಮರಳಿದ ಮೊಮ್ಮಗನು ಒಂದು ದಿನ ಸೀಮೆಎಣ್ಣೆಯ ಬಟ್ಟೆಯಿಂದ ಅದರ ತುಕ್ಕನ್ನೊರೆಸಿದನು. 28 ಅಂಗುಲದ ಚಕ್ರ, ಸರಳಿನ ಬ್ರೇಕು, ಚರ್ಮದ ಆಸನ, ಇವುಗಳಿಂದ ಕಾಲನಿರ್ಣಯವಾಗದು. ಆ ಮಾದರಿಯು ಹಲವು ದಶಕಗಳ ಕಾಲ ಬದಲಾಗದೆ ನಡೆದುಬಂದಿತು. ಹಿಂಚಕ್ರದ ಹಬ್ಬಿನ ಮೇಲೆ ಮಾತ್ರ ಸ್ಟರ್ಮಿ-ಆರ್ಚರ್ ಕಂಪನಿಯ ಹೆಸರೂ ‘ಎ.ಡಬ್ಲ್ಯೂ.’ ಎಂಬ ಅಕ್ಷರಗಳೂ 52 ಎಂಬ ಅಂಕಿಯೂ ಕಂಡವು. ಮೂರು ವೇಗಗಳ ಆ ಹಬ್ಬು ಇಂಗ್ಲೆಂಡಿನಲ್ಲಿ ಹುಟ್ಟಿದುದೇ 1936ರಲ್ಲಿ. ಅಂಕಿಯು ತಯಾರಾದ ವರ್ಷವನ್ನು ಸೂಚಿಸುತ್ತದೆ.

ಚಕ್ರವನ್ನು ಅನಂತರ ಬದಲಿಸಿರಬಹುದಲ್ಲವೇ? ಆ ಆಸೆಯಿಂದ ಅವನು ಮುಂಭಾಗದ ಬಿಲ್ಲೆಯನ್ನು ತಿಕ್ಕಿದನು. ಹರ್ಕ್ಯುಲೀಸ್ ಎಂಬ ಹೆಸರಿನ ಕೆಳಗೆ ಬರ್ಮಿಂಗ್‌ಹ್ಯಾಮ್ ಇರಲಿಲ್ಲ, ಮದರಾಸು ಇದ್ದಿತು. ಮದರಾಸಿನ ಟಿ.ಐ. ಸೈಕಲ್ ಕಂಪನಿಯು ಸ್ಥಾಪಿತವಾದುದು 1949ರಲ್ಲಿ. ಅದರ ಮೊದಲ ಹರ್ಕ್ಯುಲೀಸ್ ಹೊರಬಂದುದು 1951ರಲ್ಲಿ. ಎರಡು ಸಾಕ್ಷಿಗಳೂ ಒಂದೇ ಮಾತನ್ನಾಡಿದವು.

ಮೊಮ್ಮಗನ ಮನಸ್ಸು ಕುಗ್ಗಿತು. ಸೈಕಲ್ಲು ಸುಳ್ಳಾದರೆ ಸತ್ಯಾಗ್ರಹವೂ ಸುಳ್ಳೇನು? ಎರಡು ದಿನ ಸುಮ್ಮನಿದ್ದು, ಕಡೆಗೆ ತೊಂಬತ್ತರ ಸೋದರತ್ತೆಯ ಬಳಿ ಕುಳಿತು ಎಲ್ಲವನ್ನೂ ಹೇಳಿದನು. ಮುದುಕಿಯು ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ,

“ಸೈಕಲ್ಲು ನನ್ನ ಮದುವೆಯ ವರ್ಷ ತಂದದ್ದು ತಮ್ಮಾ. ಅಂಕೋಲೆಗೆ ಅಪ್ಪ ನಡೆದೇ ಹೋಗಿದ್ದ. ಬಂದಮೇಲೆ ಎಂಟು ದಿನ ಕಾಲಿಗೆ ಎಣ್ಣೆ ತಿಕ್ಕಿದೆನೆಂದು ಅವ್ವಿ ಹೇಳುತ್ತಿದ್ದಳು. ನನ್ನನ್ನು ಯಾರು ಕೇಳಿದರು?” ಎಂದಳು.

ಆ ವರ್ಷದ ಜಾತ್ರೆಯಲ್ಲಿ ಕಥೆಯನ್ನು ಅತ್ತೆಯೇ ಹೇಳಿದಳು.