ಮಾತಾಡದ ಮಗು ಕಲಿಯುತ್ತಿಲ್ಲವೇ?

ನಮ್ಮ ಹಿರಿಯರ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಓದಿಸುವ ಪದ್ಧತಿಯಿತ್ತು. ಹೊಸ ಬಟ್ಟೆ ತೊಟ್ಟ ಮಗು ಹಿರಿಯರೊಬ್ಬರ ಮುಂದೆ ಕುಳಿತು ಅವರು ಹೇಳಿದ್ದನ್ನು ತೊದಲುತ್ತಿತ್ತು, ಬಂದವರಿಗೆ ಸಿಹಿ ಹಂಚಲಾಗುತ್ತಿತ್ತು. ಇದು ಧರ್ಮ ವಿಧಿಸಿದ ಕಡ್ಡಾಯವೇನಲ್ಲ, ಸಮಾಜ ರೂಢಿಸಿಕೊಂಡ ಸಂಪ್ರದಾಯ. ಆದರೆ ಮಗು ತೊದಲಿತೆಂದು ಅಂದು ಯಾರೂ ಚಿಂತಿಸುತ್ತಿರಲಿಲ್ಲ. ಇಂದು ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ನಮ್ಮ ಮಕ್ಕಳು ಎಲ್.ಕೆ.ಜಿ. ಸೇರುತ್ತಾರೆ. ಸೇರಿದ ವಾರದಲ್ಲೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ: ಏನು ಬರೆದೆ? ಎಷ್ಟು ಬರೆದೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯೊಳಗಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಇಲ್ಲಿ ಶಾಲೆಯ ಹೊಸ್ತಿಲು ಎಂಬುದು ಅನೇಕ ಮಕ್ಕಳಿಗೆ ಭಾಷೆಯ ಗಡಿಯೂ ಹೌದು. ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಮನೆಮಾತು ತೆಲುಗಾಗಿರುವ ಮಕ್ಕಳು ಧಾರಾಳವಾಗಿದ್ದಾರೆ. ಮೊಘಲರ ಕಾಲದಲ್ಲಿ ಒಂದು ಸುಬಾದ ಕೇಂದ್ರವಾಗಿದ್ದ ಶಿರಾದಲ್ಲಿಯೂ ಉಳಿದೆಡೆಗಳಲ್ಲಿಯೂ ಮುಸ್ಲಿಮ್ ಮನೆಗಳ ಮಗು ದಖ್ನಿಯಲ್ಲಿ ಅಳುತ್ತದೆ, ದಖ್ನಿಯಲ್ಲಿಯೇ ನಗುತ್ತದೆ. ಆ ದಖ್ನಿಗೆ ಪಠ್ಯಪುಸ್ತಕವಿಲ್ಲ. ಉರ್ದು ಶಾಲೆಗೆ ಸೇರಿಸಿದರೂ ಪುಸ್ತಕದ ಉರ್ದು ಅದಕ್ಕೆ ಅರ್ಧ ಪರಕೀಯವೇ. ‘ನಕ್ಕೋ’ ಎಂಬ ಅದರ ಅತ್ಯಂತ ಉಪಯುಕ್ತ ಶಬ್ದಕ್ಕೆ ಅಲ್ಲಿ ಪ್ರವೇಶವಿಲ್ಲ.

ಕಳೆದ ವರ್ಷ ಕೊರಟಗೆರೆ ಕಡೆಯ ಒಂದು ಸರಕಾರಿ ಶಾಲೆಯ ಶಿಶು ತರಗತಿಯಲ್ಲಿ ನಾವು ಒಂದು ಇಡೀ ದಿನ ಕುಳಿತಿದ್ದೆವು. ಬೆಳಗ್ಗೆ ಹಾಡು, ಚಪ್ಪಾಳೆ, ಹಾಜರಿ. ಬಳಿಕ ಶಿಕ್ಷಕಿ ನೆಲದ ಮೇಲೆ ಒಂದು ಚೀಲ ಹುಣಸೆ ಬೀಜವನ್ನೂ ಒಂದಷ್ಟು ಕಡಲೆಕಾಯಿಯನ್ನೂ ಸುರಿದರು. ನಮ್ಮ ಸೀಮೆಯಲ್ಲಿ ಇವೆರಡಕ್ಕೂ ಬರವಿಲ್ಲ. ಮಕ್ಕಳು ಮೊದಲು ಬೇರ್ಪಡಿಸಿದರು, ನಂತರ ಒಂದು ಬೀಜ, ಒಂದು ಕಾಯಿ, ಮತ್ತೊಂದು ಬೀಜ ಎಂದು ಸಾಲಾಗಿ ಜೋಡಿಸಿದರು. ನೋಡುವವರಿಗೆ ಅದು ಕಾಲಹರಣವೆನಿಸೀತು. ಆದರೆ ಮುಂದೇನು ಬರಬೇಕೆಂದು ಊಹಿಸುವುದೇ ಗಣಿತದ ಬೇರು. ಬೀಜವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿಯುವ ಕೈಯೇ ನಾಳೆ ಪೆನ್ಸಿಲನ್ನು ಹಿಡಿಯುತ್ತದೆ. ಬೆರಳಿಗೆ ಆ ಬಲ ಬರುವ ಮೊದಲೇ ಎರಡು ಗೆರೆಯ ನಡುವೆ ‘ಅ’ ಬರೆಸುವುದು ನೆಲ ಹದವಾಗುವ ಮುಂಚೆ ರಾಗಿ ಬಿತ್ತಿದಂತೆ.

ಮೂಲೆಯಲ್ಲೊಬ್ಬಳು ಹುಡುಗಿಯಿದ್ದಳು. ಜೂನ್‌ನಿಂದ ತರಗತಿಯಲ್ಲಿ ಬಾಯಿ ತೆರೆದಿಲ್ಲವೆಂದು ಶಿಕ್ಷಕಿ ಮೊದಲೇ ತಿಳಿಸಿದ್ದರು. ಅವಳು ಬೀಜಗಳನ್ನು ಒಂದೊಂದಾಗಿ ಸರಿಸುತ್ತಾ ತುಟಿಯಲ್ಲೇ “ಏಕ್, ದೋ, ತೀನ್” ಎನ್ನುತ್ತಿದ್ದಳು. ಶಿಕ್ಷಕಿ ಪಕ್ಕದಲ್ಲಿ ಕುಳಿತು, ತಿದ್ದದೆ, “ಹೌ, ತೀನ್. ಮೂರು” ಎಂದರು. ಹುಡುಗಿ ತಲೆಯೆತ್ತಿ ನೋಡಿದಳು. ತನ್ನ ಮನೆಯ ‘ಹೌ’ ಶಾಲೆಯಲ್ಲೂ ಇದೆಯೆಂಬುದು ಅವಳಿಗೆ ಅಂದು ಗೊತ್ತಾಯಿತು. ದಖ್ನಿಯ ‘ಹೌ’ಗೂ ಕನ್ನಡದ ‘ಹೌದು’ವಿಗೂ ಇರುವ ದೂರ ಒಂದೇ ಅಕ್ಷರ. ಮಧ್ಯಾಹ್ನದ ಹೊತ್ತಿಗೆ ಅವಳು ಪಕ್ಕದ ಹುಡುಗನ ಸಾಲಿನಲ್ಲಿ ತಪ್ಪಿದ ಬೀಜವನ್ನು ತಾನೇ ಎತ್ತಿ ಸರಿಯಾದ ಜಾಗದಲ್ಲಿಟ್ಟಳು. ಮಾತು ಮಾತ್ರ ಆಡಲಿಲ್ಲ.

ಹೊಸ ಭಾಷೆಗೆ ಬಂದ ಮಗು ಕೆಲವು ತಿಂಗಳು ಮೌನವಾಗಿರುವುದು ಲೋಕದೆಲ್ಲೆಡೆ ಕಂಡುಬರುವ ಸಂಗತಿ. ಅದು ಕೇಳಿಸಿಕೊಳ್ಳುವ ಕಾಲ. ಎಳೆಯ ಮಕ್ಕಳಿಗೆ ಸಾಧ್ಯವಾದಷ್ಟು ಮನೆಮಾತಿನಲ್ಲೇ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. 1840ರಲ್ಲಿ ಜರ್ಮನಿಯ ಫ್ರೋಬೆಲ್ ತನ್ನ ಶಾಲೆಗೆ ‘ಮಕ್ಕಳ ತೋಟ’ ಎಂಬರ್ಥದ ಹೆಸರಿಟ್ಟಾಗ ಅಲ್ಲಿ ಇದ್ದದ್ದು ಚೆಂಡು, ಮರದ ತುಂಡು, ಹಾಡು ಮತ್ತು ಗಿಡಗಳು. ನಾವು ಆ ಹೆಸರನ್ನು ಉಳಿಸಿಕೊಂಡು ತೋಟವನ್ನು ಹೋಂವರ್ಕಿನಿಂದ ತುಂಬಿದ್ದೇವೆ. ನಮ್ಮ ಸಮುದಾಯದಲ್ಲಿ ಈ ಆತುರ ಇನ್ನೂ ಹೆಚ್ಚು. ಹಿಂದುಳಿದಿದ್ದೇವೆಂಬ ಭಯ ನಮ್ಮನ್ನು ಓಡಿಸುತ್ತಿದೆ. ಆ ಭಯ ಸುಳ್ಳಲ್ಲ, ಆದರೆ ಅದರ ಭಾರವನ್ನು ಹೊರುವ ಹೆಗಲು ನಾಲ್ಕು ವರ್ಷದ್ದು.

ಸಂಜೆ ಗೇಟಿನ ಬಳಿ ಆ ಹುಡುಗಿಯ ತಂದೆ ಬಂದರು. ಚೀಲ ಬಿಚ್ಚಿ ಪುಸ್ತಕ ನೋಡಿದರು, ಪುಟ ಖಾಲಿ. ಪೇಟೆಯ ಕಾನ್ವೆಂಟಿನಲ್ಲಿ ಇದೇ ವಯಸ್ಸಿನ ಅಣ್ಣನ ಮಗ ನೂರರ ತನಕ ಬರೆಯುತ್ತಾನೆಂದೂ, ಮುಂದಿನ ಜೂನ್‌ಗೆ ಇವಳನ್ನೂ ಅಲ್ಲಿಗೆ ಸೇರಿಸುವುದಾಗಿಯೂ ಹೇಳಿದರು. ಬೆಳಗಿನಿಂದ ಕಂಡದ್ದನ್ನು ನಾವು ವಿವರಿಸಿದೆವು. ಅವರು ಸೌಜನ್ಯದಿಂದ ಕೇಳಿಸಿಕೊಂಡರು. “ಬೀಜ ಜೋಡಿಸೋದನ್ನ ಮನೇಲೇ ಕಲಿಸಬಹುದಲ್ಲ ಸಾಹೇಬ್ರೇ” ಎಂದರು.

ಕಲಿಸಬಹುದು, ಖಂಡಿತ ಕಲಿಸಬಹುದು. ಇಂದು ರಾತ್ರಿಯೇ ಕಲಿಸಿರಿ, ನಿಮ್ಮ ಭಾಷೆಯಲ್ಲೇ ಕಲಿಸಿರಿ ಎಂದೆವು. ಅವರು ಮಗಳನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟರು.